ಕಣ್ಣು ಮುಚ್ಚಿ ಕೋಲು ಬೀಸುವ ಪಾಠ

ಕಳೆದ ವಾರ್ಷಿಕ ಮಹಾಸಭೆಯ ದಿನ ಊಟದ ಹೊತ್ತಿನಲ್ಲಿ ಸದಸ್ಯರೊಬ್ಬರು ನಮ್ಮ ಪಕ್ಕದಲ್ಲಿ ಕುಳಿತು ಒಂದು ದೂರು ಹೇಳಿಕೊಂಡರು. ಅಮ್ಮತ್ತಿಯ ಹತ್ತಿರ ಅವರಿಗೆ ಎಂಟು ಎಕರೆ ರೋಬಸ್ಟಾ ಇದೆ. ನಡುನಡುವೆ ಅಡಿಕೆ, ನೆರಳಿನ ಮರಗಳ ಮೇಲೆ ಕರಿಮೆಣಸು. ದೂರು ಮಾತ್ರ ಬೆಲೆಯ ಬಗ್ಗೆಯೂ ಅಲ್ಲ, ಆನೆಯ ಬಗ್ಗೆಯೂ ಅಲ್ಲ, ಗಾಲ್ಫಿನ ಬಗ್ಗೆ.

"ಡಿಸೆಂಬರಿನಿಂದ ಫೆಬ್ರವರಿವರೆಗೆ ಕುಯ್ಲು. ಅದು ಮುಗಿಯುವ ಮೊದಲೇ ಮೆಣಸು, ಆಮೇಲೆ ಹೂವಿಗೆ ನೀರು. ಜೂನ್ ಬಂತೆಂದರೆ ಮಳೆ. ವರ್ಷಕ್ಕೆ ಹತ್ತು ಸಲ ಬಿಟ್ಟಂಗಾಲಕ್ಕೆ ಹೋದರೆ ಹೆಚ್ಚಾಯಿತು. ಹೋದಾಗಲೆಲ್ಲ ಕೈ ಮೊದಲಿನಿಂದ ಕಲಿಯಬೇಕು ಮಾರಾಯ್ರೆ" ಎಂದರು.

ಬಯಲೂ ಬೇಡ, ಬಿಸಿಲೂ ಬೇಡ, ಜಗಲಿಯ ಕುರ್ಚಿಯಲ್ಲಿ ಕುಳಿತೇ ಮಾಡಬಹುದಾದ ಅಭ್ಯಾಸವೊಂದು ಇದೆ ಎಂದು ನಾವು ಹೇಳಿದೆವು. ಎದುರಿಗಿದ್ದ ನಾಲ್ಕೈದು ಮಂದಿ ನಕ್ಕರು. ನಕ್ಕವರಲ್ಲಿ ಇಬ್ಬರು ಕೈ ತೊಳೆಯುವ ಜಾಗದಲ್ಲಿ ನಮ್ಮನ್ನು ತಡೆದು, "ಅದೇನೆಂದು ಪತ್ರಿಕೆಯಲ್ಲಿ ಬರೆಯಿರಿ" ಎಂದರು. ಆದ್ದರಿಂದ ಈ ಪಾಠ.

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಗಾಲ್ಫಿಗೆ ಏನು ಕೆಲಸ ಎಂದು ಕೇಳುವ ಬೆಳೆಗಾರ ಬಾಂಧವರೂ ಇರಬಹುದು. ಈ ಆಟ ನಮ್ಮ ಜಿಲ್ಲೆಗೆ ಬಂದದ್ದೇ ತೋಟಗಳ ಜೊತೆಗೆ. ಇಂಗ್ಲಿಷ್ ತೋಟಗಾರರು ಬಿಟ್ಟುಹೋದ ವಸ್ತುಗಳಲ್ಲಿ ಇದೂ ಒಂದು. ಮಡಿಕೇರಿಯಲ್ಲಿ, ಪಾಲಿಬೆಟ್ಟದಲ್ಲಿ, ವಿರಾಜಪೇಟೆ-ಗೋಣಿಕೊಪ್ಪ ರಸ್ತೆಯ ಬಿಟ್ಟಂಗಾಲದಲ್ಲಿ ಆಡುವ ಬಯಲುಗಳಿವೆ. ಅದು ದೊಡ್ಡ ಎಸ್ಟೇಟಿನವರ ಆಟ ಎಂಬ ಮಾತು ಪೂರ್ತಿ ಸುಳ್ಳಲ್ಲವಾದರೂ, ಹಳೆಯ ಕೋಲುಗಳನ್ನು ಕಡಿಮೆ ಬೆಲೆಗೆ ಕೊಂಡು ಆಡುವ ಸಣ್ಣ ಬೆಳೆಗಾರರನ್ನೂ, ಚೀಲ ಹೊರುತ್ತ ಹೊರುತ್ತಲೇ ಕಲಿತು ಯಜಮಾನರಿಗಿಂತ ಚೆನ್ನಾಗಿ ಆಡುವ ಹುಡುಗರನ್ನೂ ನಾವು ಕಂಡಿದ್ದೇವೆ. ಮೇಲಾಗಿ ಇಲ್ಲಿ ಹೇಳುವ ಅಭ್ಯಾಸ ಗಾಲ್ಫಿಗೆ ಮಾತ್ರ ಸೇರಿದ್ದಲ್ಲ. ಹಾಕಿಯಲ್ಲಿ ಪೆನಾಲ್ಟಿ ಸ್ಟ್ರೋಕ್ ಹೊಡೆಯುವವರಿಗೂ, ಕೈಲ್ ಮುಹೂರ್ತದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವವರಿಗೂ ಇದು ಸಲ್ಲುತ್ತದೆ. ಆಟದ ಗಂಧವೇ ಇಲ್ಲದವರು ಈ ಪಾಠದ ಕೊನೆಯ ಭಾಗವನ್ನಾದರೂ ಓದಬೇಕೆಂದು ಕೋರುತ್ತೇವೆ.

ಮೂರು ನಿಮಿಷದ ಆಟ

ಮೊದಲು ಒಂದು ಸಣ್ಣ ಲೆಕ್ಕ. ಹದಿನೆಂಟು ಕುಳಿಗಳ ಒಂದು ಸುತ್ತು ಆಡಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. ನಮ್ಮಂಥ ಸಾಧಾರಣ ಆಟಗಾರ ಅದರಲ್ಲಿ ತೊಂಬತ್ತು ನೂರು ಹೊಡೆತ ಹೊಡೆಯುತ್ತಾನೆ. ಒಂದು ಬೀಸಿಗೆ ಎರಡು ಸೆಕೆಂಡು ಎಂದು ಧಾರಾಳವಾಗಿ ಹಿಡಿದರೂ ಒಟ್ಟು ಮೂರು ನಿಮಿಷ ಚಿಲ್ಲರೆ. ಉಳಿದ ಸಮಯವೆಲ್ಲ ನಡೆಯುವುದು, ಕಾಯುವುದು, ಹುಲ್ಲಿನಲ್ಲಿ ಚೆಂಡು ಹುಡುಕುವುದು, ಕಾಫಿ ರೇಟು ಮಾತಾಡುವುದು.

ಇನ್ನು ಆ ಬೀಸನ್ನೇ ಬಿಡಿಸಿ ನೋಡೋಣ. ಕೋಲನ್ನು ಹಿಂದಕ್ಕೆ ಎತ್ತಲು ಹೆಚ್ಚು ಕಡಿಮೆ ಮುಕ್ಕಾಲು ಸೆಕೆಂಡು. ಮೇಲಿನಿಂದ ಚೆಂಡಿನವರೆಗೆ ಇಳಿಯಲು ಕಾಲು ಸೆಕೆಂಡು. ಕೋಲಿನ ತಲೆಯೂ ಚೆಂಡೂ ಒಂದನ್ನೊಂದು ಮುಟ್ಟಿಕೊಂಡಿರುವುದು ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಕಣ್ಣು ಕಂಡ ತಪ್ಪನ್ನು ಮೆದುಳು ತಿಳಿದು ಕೈಗೆ ಆಜ್ಞೆ ಕೊಡಲು ಸುಮಾರು ಕಾಲು ಸೆಕೆಂಡು ಬೇಕೇ ಬೇಕು. ಅಂದರೆ ಕೋಲು ಇಳಿಯಲು ಆರಂಭಿಸಿದ ಮೇಲೆ ಅದನ್ನು ತಿದ್ದುವ ಕಾಲ ಮುಗಿದೇ ಹೋಯಿತು. ಮಾಡಬೇಕಾದದ್ದೆಲ್ಲ ಅದಕ್ಕೆ ಮೊದಲೇ ತಲೆಯಲ್ಲಿ ಸಿದ್ಧವಾಗಿರಬೇಕು. "ಎಡಗೈ ನೆಟ್ಟಗೆ, ತಲೆ ಅಲುಗಬಾರದು, ಮೊಣಕಾಲು ಬಗ್ಗಿರಲಿ" ಎಂದು ಬೀಸುವಾಗ ಜಪ ಮಾಡುವವರ ಚೆಂಡು ಪಕ್ಕದ ತೋಟಕ್ಕೆ ಹೋಗುವುದು ಇದರಿಂದಲೇ.

ಬಲವೇ ಎಲ್ಲವೂ ಅಲ್ಲ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ದೂರ ಹೊಡೆಯುವುದರಲ್ಲಿ ಅವರು ಆ ಗುಂಪಿನಲ್ಲಿ ಹಿಂದಿದ್ದವರು. ಅವರನ್ನು ಮುಂದೆ ತಂದದ್ದು ಕುಳಿಯ ಹತ್ತಿರದ ಮೆಲುಹೊಡೆತ, ಅಂದರೆ ಪಟ್ಟಿಂಗ್.

ಅಮೆರಿಕದ ಜ್ಯಾಕ್ ನಿಕ್ಲಾಸ್ ಹದಿನೆಂಟು ಮುಖ್ಯ ಪಂದ್ಯಾವಳಿಗಳನ್ನು ಗೆದ್ದವರು. ಯಾವ ಹೊಡೆತಕ್ಕೂ ಮೊದಲು ತಾವು ತಲೆಯೊಳಗೆ ಅದನ್ನು ಪೂರ್ತಿ ನೋಡಿಕೊಳ್ಳುತ್ತಿದ್ದುದಾಗಿ ಅವರು 1974ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಅದರಲ್ಲಿ ಗಮನಿಸಬೇಕಾದದ್ದು ಕ್ರಮ. ಚೆಂಡು ಎಲ್ಲಿ ನಿಲ್ಲಬೇಕೋ ಆ ಜಾಗ ಮೊದಲು. ಅಲ್ಲಿಗೆ ಅದು ಹಾರಿಹೋಗುವ ದಾರಿ ಆಮೇಲೆ. ಆ ದಾರಿಗೆ ಬೇಕಾದ ಬೀಸು ಕೊನೆಗೆ. ಕೊನೆಯಿಂದ ಹಿಂದಕ್ಕೆ ಬರುವುದು.

ಇದಕ್ಕೆ ಆಧಾರವೇನು

ಕೈ ಅಲುಗಿಸದೆ ಕೈ ಕಲಿಯುವುದೆಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ. ನಮಗೂ ಬಂದಿತ್ತು. ಆದರೆ ವಿಷಯ ಹಳೆಯದು. ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು 1930ರ ಸುಮಾರಿಗೇ, ಕೈ ಮಡಚಿದಂತೆ ಬರಿದೇ ಊಹಿಸಿಕೊಂಡಾಗಲೂ ಆ ಸ್ನಾಯುವಿನಲ್ಲಿ ಅತಿ ಸಣ್ಣ ವಿದ್ಯುತ್ ಚಲನೆ ಕಾಣುತ್ತದೆಂದು ಅಳೆದು ತೋರಿಸಿದರು. ಫೆಲ್ಟ್ಜ್ ಮತ್ತು ಲ್ಯಾಂಡರ್ಸ್ ಎಂಬವರು 1983ರಲ್ಲಿ ಅಲ್ಲಿಯವರೆಗಿನ 60 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಮನಸ್ಸಿನ ಅಭ್ಯಾಸ ಏನೂ ಮಾಡದಿರುವುದಕ್ಕಿಂತ ಖಂಡಿತ ಮೇಲು ಎಂದು ಕಂಡುಬಂತು. 1994ರ ಇನ್ನೊಂದು ಪರಿಶೀಲನೆ ಮೂರು ಸಂಗತಿ ಹೇಳಿತು. ಮೈಯಿಂದ ಮಾಡುವ ಅಭ್ಯಾಸಕ್ಕೆ ಇದು ಸಮನಲ್ಲ. ಒಂದು ಸಲಕ್ಕೆ ಸುಮಾರು 20 ನಿಮಿಷ ಸಾಕು, ಅದಕ್ಕಿಂತ ಎಳೆದರೆ ಲಾಭ ಇಳಿಯುತ್ತದೆ. ನಿಲ್ಲಿಸಿದರೆ ಎರಡು ವಾರದಲ್ಲಿ ಗುಣ ಅರ್ಧಕ್ಕೆ ಇಳಿದುಬಿಡುತ್ತದೆ. ಬೋರ್ಡೊ ಸಿಂಪಡಣೆಯ ಹಾಗೆ, ಒಮ್ಮೆ ಹೊಡೆದು ವರ್ಷವಿಡೀ ಮರೆಯುವ ಬಾಬತ್ತಲ್ಲ.

ನಮಗೆ ಹೆಚ್ಚು ಹಿಡಿಸಿದ್ದು 1995ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಪಾಸ್ಕುವಲ್ ಲಿಯೋನ್ ಎಂಬ ನರವಿಜ್ಞಾನಿ ಮತ್ತು ಸಂಗಡಿಗರು, ಪಿಯಾನೊ ಗೊತ್ತಿಲ್ಲದ ಜನರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ನುಡಿಸಿತು. ಇನ್ನೊಂದು ಗುಂಪು ಪಿಯಾನೊ ಎದುರು ಕುಳಿತು ಅಷ್ಟೇ ಹೊತ್ತು ನುಡಿಸಿದಂತೆ ಊಹಿಸಿಕೊಂಡಿತು. ಐದನೆಯ ದಿನ ಊಹಿಸಿದವರು, ನುಡಿಸಿದವರ ಮೂರನೆಯ ದಿನದ ಮಟ್ಟಕ್ಕೆ ಬಂದಿದ್ದರು. ಆಮೇಲೆ ಒಂದೇ ಒಂದು ಸಲ ಎರಡು ಗಂಟೆ ನಿಜವಾಗಿ ನುಡಿಸಲು ಬಿಟ್ಟಾಗ ಮೊದಲ ಗುಂಪಿನವರ ಐದನೆಯ ದಿನದ ಮಟ್ಟವನ್ನು ಮುಟ್ಟಿದರು. ಬೆರಳುಗಳನ್ನು ಆಡಿಸುವ ಮೆದುಳಿನ ಭಾಗದಲ್ಲಿ ಆದ ಬದಲಾವಣೆಯೂ ಎರಡೂ ಗುಂಪಿನಲ್ಲಿ ಒಂದೇ ಬಗೆಯದಾಗಿತ್ತು. ಮಳೆಗಾಲವನ್ನು ಜಗಲಿಯಲ್ಲಿ ಕಳೆದು ಅಕ್ಟೋಬರಿನಲ್ಲಿ ಬಯಲಿಗೆ ಇಳಿಯುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇರೆ ಬೇಕೆ?

ಗಾಲ್ಫಿನ ಮೇಲೆಯೇ ನಡೆದ ಪ್ರಯೋಗಗಳೂ ಇವೆ. 1985ರಲ್ಲಿ ವುಲ್ಫೋಕ್ ಮತ್ತು ಸಂಗಡಿಗರು ಕಾಲೇಜಿನ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಪಟ್ಟಿಂಗ್ ಮಾಡಿಸಿದರು. ಚೆಂಡು ಕುಳಿಗೆ ಬೀಳುವುದನ್ನು ಊಹಿಸಿ ಹೊಡೆದ ಗುಂಪು ಶೇ. 30ರಷ್ಟು ಸುಧಾರಿಸಿತು. ಏನನ್ನೂ ಊಹಿಸದ ಗುಂಪು ಬರಿಯ ರೂಢಿಯಿಂದ ಶೇ. 10ರಷ್ಟು ಸುಧಾರಿಸಿತು. ಚೆಂಡು ಸ್ವಲ್ಪದರಲ್ಲಿ ತಪ್ಪಿಹೋಗುವುದನ್ನು ಊಹಿಸಿದ ಗುಂಪು ಶೇ. 21ರಷ್ಟು ಕೆಟ್ಟಿತು. ಲಾಭಕ್ಕಿಂತ ಈ ನಷ್ಟದ ಅಂಕಿಯನ್ನು ನೆನಪಿಡಬೇಕೆಂಬುದು ನಮ್ಮ ಅಭಿಪ್ರಾಯ. ನಮ್ಮಲ್ಲಿ ಹೆಚ್ಚಿನವರು ನೀರಿನ ಗುಂಡಿಯ ಎದುರು ನಿಂತು "ನೀರಿಗೆ ಮಾತ್ರ ಬೀಳಬಾರದು" ಎಂದುಕೊಳ್ಳುತ್ತೇವೆ. ಹಾಗೆ ಅಂದುಕೊಳ್ಳುವಾಗ ಮನಸ್ಸಿನಲ್ಲಿ ಕಾಣುವುದು ಏನು? ನೀರು. ನಾವೂ ಇದೇ ಅಭ್ಯಾಸವನ್ನು, ಗುರುವಿಲ್ಲದೆ, ಇಪ್ಪತ್ತು ವರ್ಷ ಶ್ರದ್ಧೆಯಿಂದ ಮಾಡಿಕೊಂಡು ಬಂದವರು.

ಈ ವಿಷಯದಲ್ಲಿ ಬಹಳ ಸಲ ಹೇಳುವ ಒಂದು ಕತೆ ಇದೆ. ಅಮೆರಿಕದ ವಾಯುಪಡೆಯ ಜಾರ್ಜ್ ಹಾಲ್ ಎಂಬವರು 1965ರಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಸೆರೆಯಾಗಿ 1973ರಲ್ಲಿ ಬಿಡುಗಡೆಯಾದರು. ಸೆರೆಯಲ್ಲಿದ್ದಷ್ಟು ಕಾಲ ಮನಸ್ಸಿನಲ್ಲಿ ದಿನವೂ ಗಾಲ್ಫ್ ಆಡುತ್ತಿದ್ದ ಅವರು, ಹೊರಬಂದ ಕೆಲವೇ ವಾರಗಳಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ 76 ಹೊಡೆತಗಳಲ್ಲಿ ಸುತ್ತು ಮುಗಿಸಿದರು. ಆದರೆ ಈ ಕತೆ ಹೇಳುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ. ಸೆರೆ ಸಿಕ್ಕುವ ಮೊದಲೇ ಅವರು ಬಹಳ ಒಳ್ಳೆಯ ಆಟಗಾರ. ಇದ್ದ ಕೈಚಳಕವನ್ನು ಅವರು ಉಳಿಸಿಕೊಂಡರೇ ಹೊರತು ಇಲ್ಲದ್ದನ್ನು ಹುಟ್ಟಿಸಿಕೊಳ್ಳಲಿಲ್ಲ. ನಾವು ಇಟ್ಟುಕೊಳ್ಳಬೇಕಾದ ಆಸೆಯೂ ಇಷ್ಟೇ.

ಮಾಡುವ ಕ್ರಮ

ಮೊದಲನೆಯದಾಗಿ, ಊಹಿಸಲು ಒಂದು ಸರಿಯಾದ ಬೀಸು ಬೇಕು. ಇದನ್ನು ಏಪ್ರಿಲ್-ಮೇ ತಿಂಗಳಲ್ಲಿ, ಬಯಲಿಗೆ ಹೋಗಲು ಸಾಧ್ಯವಿರುವಾಗಲೇ ಸಂಪಾದಿಸಿಕೊಳ್ಳತಕ್ಕದ್ದು. ಬಲ್ಲವರೊಬ್ಬರ ಎದುರು ಬೀಸಿ, ಸರಿ ಎಂದು ಅವರು ಹೇಳಿದ ಬೀಸನ್ನು ಯಾರಿಂದಲಾದರೂ ಮೊಬೈಲಿನಲ್ಲಿ ಚಿತ್ರ ಮಾಡಿಸಿ ಇಟ್ಟುಕೊಳ್ಳಿ. ಹದಿನಾಲ್ಕು ಕೋಲುಗಳನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ಒಂದು ಕೋಲು, ಒಂದು ಕುಳಿ, ಒಂದು ಹೊಡೆತ. ನಾವು ಆರಿಸಿಕೊಂಡದ್ದು ಏಳನೆಯ ನಂಬರಿನ ಕಬ್ಬಿಣದ ಕೋಲು ಮತ್ತು ಆರು ಅಡಿಯ ಪಟ್.

ಇಲ್ಲಿ ನಮ್ಮದೇ ಒಂದು ಪೆದ್ದುತನ ಹೇಳಬೇಕು. ಮೊದಲ ಮಳೆಗಾಲದಲ್ಲಿ ನಾವು ಯಾರನ್ನೂ ಕೇಳದೆ ನಮಗೆ ತಿಳಿದಂತೆ ಊಹಿಸಿಕೊಂಡೆವು. ಬಲಗೈ ಹಿಡಿತ ತಪ್ಪಿತ್ತು. ಮೂರು ತಿಂಗಳು ಆ ತಪ್ಪು ಹಿಡಿತವನ್ನೇ ಭಕ್ತಿಯಿಂದ ಮನನ ಮಾಡಿ ಅಕ್ಟೋಬರಿನಲ್ಲಿ ಬಯಲಿಗೆ ಹೋದಾಗ, ಚೆಂಡು ಹಿಂದೆ ಬಲಕ್ಕೆ ಹೋಗುತ್ತಿದ್ದುದು ಈಗ ಇನ್ನೂ ನಿಷ್ಠೆಯಿಂದ ಬಲಕ್ಕೆ ಹೋಯಿತು. ಚೀಲ ಹೊತ್ತ ಹುಡುಗ ಎರಡು ಕುಳಿ ಸುಮ್ಮನಿದ್ದು, ಮೂರನೆಯದರಲ್ಲಿ "ಸಾರ್, ಬಲಗೈ ಹೆಬ್ಬೆರಳು ನೋಡಿ" ಎಂದ. ಮನಸ್ಸಿನಲ್ಲಿ ಚೆಂಡು ಯಾವಾಗಲೂ ನೆಟ್ಟಗೇ ಹೋಗುತ್ತದೆ, ತಪ್ಪು ತೋರಿಸಲು ಅಲ್ಲಿ ಯಾರೂ ಇರುವುದಿಲ್ಲ. ಈ ವಿಧಾನದ ದೊಡ್ಡ ಕೊರತೆಯೇ ಇದು.

ಎರಡನೆಯದಾಗಿ ಸ್ಥಳ ಮತ್ತು ಭಂಗಿ. ಹಿಂದೆ ಹಾಸಿಗೆಯ ಮೇಲೆ ಮಲಗಿ, ಮೈ ಸಡಿಲ ಬಿಟ್ಟು ಊಹಿಸಬೇಕೆಂದು ಹೇಳುತ್ತಿದ್ದರು. ಹಾಗೆ ಮಲಗಿದರೆ ಜುಲೈ ತಿಂಗಳ ಚಳಿಯಲ್ಲಿ ಕಂಬಳಿ ಎಳೆದುಕೊಳ್ಳುವುದಷ್ಟೇ ಆಗುತ್ತದೆ. ಹೋಮ್ಸ್ ಮತ್ತು ಕಾಲಿನ್ಸ್ ಎಂಬ ಇಬ್ಬರು ಬ್ರಿಟಿಷ್ ಸಂಶೋಧಕರು 2001ರಲ್ಲಿ ಬೇರೆ ದಾರಿ ತೋರಿಸಿದರು. ಊಹಿಸುವಾಗ ನಿಜವಾದ ಆಟಕ್ಕೆ ಎಷ್ಟು ಹತ್ತಿರವಾಗಿರುತ್ತೇವೋ ಅಷ್ಟು ಒಳ್ಳೆಯದು. ನಿಂತುಕೊಳ್ಳಿ. ಆಟದ ಬೂಟು ಹಾಕಿಕೊಳ್ಳಿ. ಕೋಲನ್ನು ಕೈಯಲ್ಲಿ ಹಿಡಿಯಿರಿ, ಬೀಸಬೇಡಿ. ಸಾಧ್ಯವಾದರೆ ಒಂದು ತುಂಡು ಹುಲ್ಲಿನ ಮೇಲೆ ನಿಲ್ಲಿ, ಮಳೆ ಬಿಡದಿದ್ದರೆ ಗೋಣಿತಾಟಿನ ಮೇಲೆ. 2008ರಲ್ಲಿ ಬಂಕರಿನ ಮರಳಿನಿಂದ ಚೆಂಡು ಎತ್ತುವ ಹೊಡೆತದ ಮೇಲೆ ಈ ಕ್ರಮವನ್ನು ಪರೀಕ್ಷಿಸಿದಾಗ, ಮೈಯ ಅಭ್ಯಾಸ ಮತ್ತು ಮನಸ್ಸಿನ ಅಭ್ಯಾಸ ಎರಡನ್ನೂ ಸೇರಿಸಿ ಮಾಡಿದ ಗುಂಪೇ ಎಲ್ಲರಿಗಿಂತ ಮುಂದೆ ಬಂತು.

ಜಗಲಿಯಲ್ಲಿ ಹೀಗೆ ಬೂಟು ಹಾಕಿ, ಕೋಲು ಹಿಡಿದು, ಕಣ್ಣು ಮುಚ್ಚಿ ನಿಂತವರನ್ನು ಮನೆಯವರು ನೋಡಿ ಏನೆಂದುಕೊಳ್ಳುತ್ತಾರೆ ಎಂಬ ಚಿಂತೆ ಮೊದಲ ವಾರ ಇರುತ್ತದೆ. ಎರಡನೆಯ ವಾರದಿಂದ ಅವರೇ ನೋಡುವುದನ್ನು ಬಿಡುತ್ತಾರೆ.

ನಿಂತ ಮೇಲೆ ಎಂಟು ಹತ್ತು ಸಲ ಹೊಟ್ಟೆಯವರೆಗೆ ಉಸಿರು ಎಳೆದು ನಿಧಾನವಾಗಿ ಬಿಡಿ. ಚೆಂಡು ಬಂದು ನಿಲ್ಲಬೇಕಾದ ಜಾಗವನ್ನು ಮೊದಲು ನೋಡಿ. ಆಮೇಲೆ ಹಾರುವ ದಾರಿ. ಆಮೇಲೆ ಬೀಸು. ಬೀಸನ್ನು ನಿಮ್ಮ ಕಣ್ಣಿನಿಂದಲೇ ನೋಡಬೇಕು. ದೂರದಲ್ಲಿ ನಿಂತ ಪ್ರೇಕ್ಷಕನಂತೆ ನಿಮ್ಮ ಬೆನ್ನನ್ನು ನೋಡುವುದು ಬೇರೆ ವಿಷಯ, ಅದು ಭಂಗಿಯ ತಪ್ಪು ಹುಡುಕಲು ಮಾತ್ರ ಉಪಯೋಗ. ನಿಮ್ಮ ಕಣ್ಣಿಗೆ ಕಾಣುವುದು ಚೆಂಡು, ಬೂಟಿನ ತುದಿ, ಎರಡು ಕೈ. ಬಲಗಾಲಿಗೆ ಭಾರ ಬರುವುದು, ಎಡಭುಜ ಗದ್ದದ ಕೆಳಗೆ ಬಂದು ತಾಗುವುದು, ಮೇಲೆ ಒಂದು ಕ್ಷಣದ ತಡೆ, ಸೊಂಟ ಮೊದಲು ತಿರುಗಿ ಕೈ ಹಿಂದೆ ಬರುವುದು, ಚೆಂಡು ಸರಿಯಾಗಿ ತಾಗಿದಾಗಿನ ಆ ಒಂದೇ ಸದ್ದು, ಇವೆಲ್ಲ ಮೈಗೆ ಗೊತ್ತಾಗಬೇಕು. ನೋಡುವುದಕ್ಕಿಂತ ಮೈಗೆ ಅನಿಸುವುದು ಮುಖ್ಯ.

ವೇಗದ ಬಗ್ಗೆ ಎಚ್ಚರಿಕೆ. ಊಹೆಯ ಬೀಸು ನಿಜವಾದ ಬೀಸಿನಷ್ಟೇ ಹೊತ್ತು ತೆಗೆದುಕೊಳ್ಳಬೇಕು. ಇದನ್ನು ಅಳೆಯುವುದು ಸುಲಭ. ಚೆಂಡಿನ ಹಿಂದೆ ನಿಂತಲ್ಲಿಂದ ಹೊಡೆದು ಮುಗಿಯುವವರೆಗೆ ನಿಮಗೆ ಎಷ್ಟು ಸೆಕೆಂಡು ಬೇಕೆಂದು ಬಯಲಿನಲ್ಲಿ ಗಡಿಯಾರ ಹಿಡಿದು ನೋಡಿಕೊಂಡಿರಿ. ಜಗಲಿಯಲ್ಲೂ ಹಾಗೆಯೇ ಗಡಿಯಾರ ಒತ್ತಿ, ಕಣ್ಣು ಮುಚ್ಚಿ ಹೊಡೆದು, ಪುನಃ ಒತ್ತಿ. ಬಯಲಿನಲ್ಲಿ ಹದಿನೆಂಟು ಸೆಕೆಂಡು, ಜಗಲಿಯಲ್ಲಿ ಆರು ಸೆಕೆಂಡು ಎಂದಾದರೆ ನೀವು ಅಭ್ಯಾಸ ಮಾಡುತ್ತಿಲ್ಲ, ಹಗಲುಗನಸು ಕಾಣುತ್ತಿದ್ದೀರಿ.

ಮನಸ್ಸಿನಲ್ಲೇ ಚೆಂಡು ದಾರಿ ತಪ್ಪಿದರೆ? ತಪ್ಪುವುದುಂಟು. ಅಲ್ಲಿಗೇ ನಿಲ್ಲಿಸಿ, ಉಸಿರು ಬಿಟ್ಟು, ನಿಲ್ಲಬೇಕಾದ ಜಾಗದಿಂದ ಪುನಃ ಆರಂಭಿಸಿ. ಬಯ್ದುಕೊಳ್ಳಬೇಡಿ. ಹತ್ತು ಹದಿನೈದು ಹೊಡೆತ ಆದ ಮೇಲೆ ಸಾಕುಮಾಡಿ. ವಾರಕ್ಕೆ ಮೂರು ನಾಲ್ಕು ದಿನ, ಪ್ರತಿ ಸಲ ಇಪ್ಪತ್ತು ನಿಮಿಷದೊಳಗೆ. ಒಂದು ದಿನ ಬಿಟ್ಟು ಒಂದು ದಿನ ಸ್ಟೋರಿನಲ್ಲಿ ಗೋಣಿತಾಟು ಹಾಸಿ, ಲೋಟವೊಂದನ್ನು ಅಡ್ಡ ಮಲಗಿಸಿ, ನಿಜವಾದ ಚೆಂಡಿನಿಂದ ಇಪ್ಪತ್ತು ಪಟ್ ಹೊಡೆಯಿರಿ. ಊಹೆಗೆ ಮೇವು ಬೇಕಷ್ಟೆ.

ಕೆಲವರಿಗೆ ಕಣ್ಣು ಮುಚ್ಚಿದರೆ ಕತ್ತಲೆಯಲ್ಲದೆ ಬೇರೇನೂ ಕಾಣುವುದಿಲ್ಲ. ಇದು ಸೋಮಾರಿತನವಲ್ಲ. ಹುಟ್ಟಿನಿಂದಲೇ ಮನಸ್ಸಿನಲ್ಲಿ ಚಿತ್ರ ಮೂಡದವರು ಇದ್ದಾರೆಂದು, ಬ್ರಿಟನ್ನಿನ ಆಡಮ್ ಝೀಮನ್ ಎಂಬ ವೈದ್ಯರು 2015ರಲ್ಲಿ ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಅಂಥವರು ಚಿತ್ರವನ್ನು ಬಿಟ್ಟು ಮೈಯ ಅನಿಸಿಕೆ ಮತ್ತು ಸದ್ದು ಹಿಡಿದು ಸಾಗಿದರಾಯಿತು.

ನಮಗೆ ಕಷ್ಟವಾದದ್ದು ಚಿತ್ರವಲ್ಲ, ಚಿಂತೆ. ಕಣ್ಣು ಮುಚ್ಚಿದ ಕೂಡಲೇ ಕಾಣುತ್ತಿದ್ದುದು ಏಳನೆಯ ಕುಳಿಯಲ್ಲ, ಅಡಿಕೆಯ ಕೊಳೆರೋಗ. ಎರಡನೆಯ ಸಿಂಪಡಣೆಗೆ ಮಳೆ ಬಿಡುವು ಕೊಡುವುದೋ ಇಲ್ಲವೋ, ಗಾಳಿಗೆ ಬಿದ್ದ ಸಿಲ್ವರ್ ಮರ ಎಷ್ಟು ಗಿಡ ಮುರಿದಿದೆಯೋ, ಸಾಲದ ಕಂತು, ಹೀಗೆ. ಅದಕ್ಕೆ ನಾವು ಕಂಡುಕೊಂಡ ಉಪಾಯ ಬಹಳ ಸಾದಾ. ಆರಂಭಿಸುವ ಮೊದಲು ಒಂದು ಚೀಟಿಯಲ್ಲಿ ಆ ದಿನದ ಚಿಂತೆಗಳನ್ನೆಲ್ಲ ಬರೆದು ಜಗಲಿಯ ಮೇಜಿನ ಮೇಲೆ ಲೋಟದ ಅಡಿ ಇಡುವುದು. ಇಪ್ಪತ್ತು ನಿಮಿಷ ಕಳೆದ ಮೇಲೆ ಅವು ಅಲ್ಲೇ ಇರುತ್ತವೆ, ಓಡಿಹೋಗುವುದಿಲ್ಲ.

ಎರಡನೆಯ ವರ್ಷ ಭುಜದ ನೋವಿನಿಂದ ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೋಲು ಬೀಸುವಂತೆಯೇ ಇರಲಿಲ್ಲ. ಸಿಂಪಡಣೆಯ ಕ್ಯಾನು ಎತ್ತಲು ಹೋಗಿ ಆದ ಪೆಟ್ಟು. ಅಕ್ಟೋಬರಿನ ಮೊದಲ ಸುತ್ತಿನಲ್ಲಿ ಹಿಂದಿನ ಅಕ್ಟೋಬರಿಗಿಂತ ಐದು ಹೊಡೆತ ಕಡಿಮೆಯಾಯಿತು. ದೂರದ ಹೊಡೆತ ಏನೇನೂ ಸುಧಾರಿಸಿರಲಿಲ್ಲ, ಕಡಿಮೆಯಾದದ್ದೆಲ್ಲ ಕುಳಿಯ ಹತ್ತಿರ. ಒಬ್ಬನ ಒಂದು ದಿನದ ಲೆಕ್ಕ ಯಾವುದಕ್ಕೂ ಸಾಕ್ಷಿಯಲ್ಲ. ಕೇಳಿದವರಿಗೆ ಸತ್ಯ ಹೇಳಬೇಕೆಂದು ಬರೆದಿದ್ದೇವೆ.

ತೋಟದಲ್ಲಿ ಇದರ ಬಳಕೆ

ಅಡಿಕೆಯ ಕೊನೆಗಾರರು ಈ ವಿದ್ಯೆಯನ್ನು ಯಾವ ಪುಸ್ತಕದಿಂದಲೂ ಕಲಿಯದೆ ಬಳಸುತ್ತಾರೆ. ಒಂದು ಮರದಿಂದ ಇನ್ನೊಂದಕ್ಕೆ ದಾಟುವ ಮೊದಲು ಅನುಭವಿ ಕೊನೆಗಾರ ಒಂದು ಕ್ಷಣ ಆ ಮರವನ್ನು ಬುಡದಿಂದ ಚಂಡೆಯವರೆಗೆ ನೋಡುತ್ತಾನೆ. ಕೈ ಎಲ್ಲಿ ಹಿಡಿಯುತ್ತದೆ, ಕಾಲಿನ ತಳೆ ಎಲ್ಲಿ ಕೂರುತ್ತದೆ, ಬಾಗಿದ ಮರ ಎಷ್ಟು ಹಿಂದಕ್ಕೆ ಎಳೆಯುತ್ತದೆ ಎಂಬುದೆಲ್ಲ ಆ ನೋಟದಲ್ಲಿ ಆಗಿಹೋಗುತ್ತದೆ. ಹೊಸಬರು ನೋಡದೆ ಹಾರುತ್ತಾರೆ. ಮರಗಸಿಗೆ ಹತ್ತುವವರಿಗೂ ಇದೇ ಮಾತು. ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ, ಹತ್ತುವ ಮೊದಲು ಇಡೀ ಏರಿಕೆಯನ್ನು ಬಾಯಲ್ಲಿ ಹೇಳಿಸುವ ಪದ್ಧತಿ ಒಳ್ಳೆಯದು. ಆದರೆ ಸುರಕ್ಷತೆಯ ಹಗ್ಗಕ್ಕೆ ಬದಲಾಗಿ ಯಾರೂ ಇದನ್ನು ತಿಳಿಯಬಾರದು. ಒದ್ದೆ ಮರಕ್ಕೆ ಮನಸ್ಸಿನ ಅಭ್ಯಾಸ ಗೊತ್ತಾಗುವುದಿಲ್ಲ.

ಇನ್ನೊಂದು ಬಳಕೆ ಇದೆ. ಈ ಪಾಠ ಬರೆಯಲು ನಿಜವಾದ ಕಾರಣವೂ ಅದೇ.

ನಮ್ಮೊಡನೆ ಹದಿನೈದು ವರ್ಷ ಗಾಲ್ಫ್ ಆಡಿದ ಪಕ್ಕದ ತೋಟದ ಹಿರಿಯರೊಬ್ಬರಿಗೆ ಎರಡು ವರ್ಷದ ಕೆಳಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ನಡಿಗೆ ಬಂತು, ಬಲಗೈ ಬೆರಳುಗಳು ಮಾತ್ರ ಬರಲಿಲ್ಲ. ಚಿಗುರು ತೆಗೆಯುವುದು ಹೋಗಲಿ, ಅಂಗಿಯ ಗುಂಡಿ ಹಾಕಲೂ ಇನ್ನೊಬ್ಬರು ಬೇಕಾಯಿತು. ಮೈಸೂರಿನಲ್ಲಿ ಅವರಿಗೆ ವ್ಯಾಯಾಮ ಹೇಳಿಕೊಟ್ಟವರು, ಕೈಯ ವ್ಯಾಯಾಮ ಮುಗಿದ ಮೇಲೆ ದಿನವೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಆ ಕೈ ಕೆಲಸ ಮಾಡುವುದನ್ನು ಊಹಿಸಿಕೊಳ್ಳಬೇಕೆಂದರು. ಇದು ಅವರ ಸ್ವಂತ ಕಲ್ಪನೆಯಲ್ಲ. ಪಾರ್ಶ್ವವಾಯು ಆದವರ ಕೈಗೆ, ಬೇರೆ ಚಿಕಿತ್ಸೆಯ ಜೊತೆಗೆ ಮನಸ್ಸಿನ ಅಭ್ಯಾಸವನ್ನೂ ಸೇರಿಸಿದರೆ ಪ್ರಯೋಜನವಿದೆ ಎಂದು ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ಪರಿಶೀಲನೆ ಹೇಳಿದೆ. ಜೊತೆಗೆ ಎಂಬ ಮಾತನ್ನು ಓದುಗರು ಗಮನಿಸಬೇಕು. ಚಿಕಿತ್ಸೆ ಬಿಟ್ಟು ಇದೊಂದನ್ನೇ ಹಿಡಿದು ಕುಳಿತರೆ ನಷ್ಟ ನಮ್ಮದೇ.

ಇದಕ್ಕೂ ಮೊದಲು ತಿಳಿದಿರಬೇಕಾದದ್ದು ಒಂದಿದೆ. ಮುಖ ಒಂದು ಕಡೆ ಇಳಿಯುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಕಷಾಯ, ಎಣ್ಣೆ ಎಂದು ಹೊತ್ತು ಕಳೆಯದೆ ತಲೆಯ ಸ್ಕ್ಯಾನ್ ಮಾಡುವ ಆಸ್ಪತ್ರೆಗೆ ಹೊರಡಬೇಕು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧವನ್ನು ಕೊಡುವುದು ನಾಲ್ಕೂವರೆ ಗಂಟೆಯೊಳಗೆ. ನಮ್ಮ ರಸ್ತೆಗಳಲ್ಲಿ ಅದು ಹೆಚ್ಚಿನ ಸಮಯವೇನಲ್ಲ. ಬೆಳಿಗ್ಗೆವರೆಗೆ ನೋಡೋಣ ಎಂಬ ಮಾತು ಬೇಡ.

ಏನನ್ನು ಊಹಿಸಿಕೊಳ್ಳಲಿ ಎಂದು ಅವರು ನಮ್ಮನ್ನು ಕೇಳಿದಾಗ ನಾವು ಪಟ್ಟಿಂಗ್ ಎಂದೆವು. ಅವರು ಒಪ್ಪಲಿಲ್ಲ. "ನನ್ನ ಕೈಗೆ ಗಾಲ್ಫಿಗಿಂತ ಮೊದಲು ಗೊತ್ತಿದ್ದದ್ದು ಕಾಫಿ" ಎಂದರು. ರೆಕ್ಕೆಯನ್ನು ಎಡಗೈಯಲ್ಲಿ ಬಾಗಿಸಿ ಹಿಡಿದು, ಬಲಗೈ ಬೆರಳುಗಳಿಂದ ಗೊಂಚಲಿನ ಹಣ್ಣನ್ನು ಬಿಡಿಸುವುದು, ಹಸಿರು ಕಾಯನ್ನು ಬಿಟ್ಟು ಕೆಂಪನ್ನು ಮಾತ್ರ ಆರಿಸುವುದು, ಬೆರಳಿಗೆ ಹತ್ತುವ ಅಂಟು. ಇದನ್ನೇ ದಿನವೂ ಇಪ್ಪತ್ತು ನಿಮಿಷ ಊಹಿಸಿಕೊಂಡರು. ಊಹೆ ಮುಗಿದ ಮೇಲೆ ತಟ್ಟೆಯಲ್ಲಿ ಒಣ ಕಾಫಿ ಚೆರಿ ಹರಡಿ ಒಂದೊಂದಾಗಿ ಹೆಕ್ಕಲು ಪ್ರಯತ್ನಿಸುತ್ತಿದ್ದರು. ಮೊದಲ ತಿಂಗಳು ಒಂದೂ ಬರಲಿಲ್ಲ. ಅವರ ಮನೆಯವರು ತಟ್ಟೆಯನ್ನು ಎತ್ತಿಡಲು ಹೋದಾಗ ಬೇಡ ಎಂದು ತಡೆದರಂತೆ.

ಈಗ ಗುಂಡಿ ತಾವೇ ಹಾಕಿಕೊಳ್ಳುತ್ತಾರೆ, ನಿಧಾನವಾಗಿ. ಇದು ಊಹೆಯಿಂದ ಎಷ್ಟು, ವ್ಯಾಯಾಮದಿಂದ ಎಷ್ಟು, ಕಾಲದಿಂದ ಎಷ್ಟು ಎಂದು ಬೇರ್ಪಡಿಸಲು ನಮ್ಮಿಂದ ಆಗದು. ಕಳೆದ ಕುಯ್ಲಿನಲ್ಲಿ ಮನೆಯ ಹಿಂದಿನ ಸಾಲಿನ ಎರಡು ಗಿಡಗಳನ್ನು ಯಾರೂ ಮುಟ್ಟಬಾರದೆಂದು ಹೇಳಿ, ನಾಲ್ಕು ದಿನ ತೆಗೆದುಕೊಂಡು ತಾವೇ ಕುಯ್ದರು. ಬುಟ್ಟಿ ತೂಗಿದ್ದು ಆರೂವರೆ ಕಿಲೋ. ಬಿಟ್ಟಂಗಾಲಕ್ಕೂ ಒಂದು ದಿನ ಬಂದಿದ್ದರು. ಆಡಲಿಲ್ಲ, ನಮ್ಮ ಪಟ್ಟರನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ಒಂದೇ ಚೆಂಡು ಹೊಡೆದರು, ಕುಳಿಗೆ ಒಂದು ಗೇಣು ಉಳಿಯಿತು. ಬಲಕ್ಕೆ ತಪ್ಪಿದ್ದು ಎಂದು ನಾವು, ಅಲ್ಲ ಇಳಿಜಾರು ತಿಳಿಯದೆ ತಪ್ಪಿದ್ದು ಎಂದು ಅವರು, ಕಾರಿನಲ್ಲಿ ಅಮ್ಮತ್ತಿ ಬರುವವರೆಗೂ ವಾದ ಮಾಡಿದೆವು.